ಬೀಗ ಹಾಕಿದವನಿಗೆ ಶಾಲು ಹೊದಿಸು

ಮಾರ್ಚ್ 4 ಹತ್ತಿರ ಬಂತೆಂದರೆ ನಮ್ಮ ರೆಡಿಮಿಕ್ಸ್ ಕಾಂಕ್ರೀಟ್ ಪ್ಲಾಂಟುಗಳ ಗೇಟಿಗೆ ಹಸಿರು ಬ್ಯಾನರ್ ಬೀಳುತ್ತದೆ. 1966ರಲ್ಲಿ ಆ ದಿನ ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿತು. 1972ರಿಂದ ಅದನ್ನು ರಾಷ್ಟ್ರೀಯ ಸುರಕ್ಷತಾ ದಿನವೆಂದು ಆಚರಿಸುತ್ತ ಬಂದಿದ್ದೇವೆ, ಈಗ ಅದು ಒಂದು ವಾರದ ಕಾರ್ಯಕ್ರಮವಾಗಿ ಬೆಳೆದಿದೆ. ಪ್ರತಿಜ್ಞೆ ಓದುತ್ತಾರೆ, ಭಾಷಣ ಆಗುತ್ತದೆ, ಕೊನೆಗೆ ಬಹುಮಾನ ಹಂಚುತ್ತಾರೆ. ಹೊಸಕೋಟೆ ಕಡೆಯ ಪ್ಲಾಂಟಿನಲ್ಲಿ ಸುರಕ್ಷತೆಯ ಹೊಣೆ ಹೊತ್ತ ಮೇಲೆ ನಿನಗಿದು ಮೊದಲ ಮಾರ್ಚ್. "ದೊಡ್ಡಪ್ಪ, ಬಹುಮಾನ ಯಾರಿಗೆ ಕೊಡಲಿ, ಏನು ಕೊಡಲಿ?" ಅಂತ ಕೇಳಿದ್ದೀಯ. ಏನು ಕೊಡಬೇಕು ಅನ್ನುವುದು ಸಣ್ಣ ಮಾತು. ಯಾರಿಗೆ, ಯಾವ ಕೆಲಸಕ್ಕೆ ಅನ್ನುವುದರ ಮೇಲೆ ಜನರ ಕೈಕಾಲು ನಿಂತಿದೆ. ಅದಕ್ಕೇ ಫೋನಿನಲ್ಲಿ ಮುಗಿಸದೆ ಕೂತು ಬರೆಯುತ್ತಿದ್ದೇನೆ.

ನಿಮ್ಮ ಗೇಟಿನ ಪಕ್ಕದಲ್ಲೂ ಒಂದು ಬೋರ್ಡ್ ಇದ್ದೇ ಇರುತ್ತದೆ, ಅಪಘಾತವಿಲ್ಲದ ದಿನಗಳು ಇಷ್ಟು ಅಂತ. ಕಂಪನಿಯ ಸುತ್ತೋಲೆಯೂ ಸಾಮಾನ್ಯವಾಗಿ ಅದರ ಮೇಲೇ ನಿಂತಿರುತ್ತದೆ: ವರ್ಷವಿಡೀ ಯಾರಿಗೂ ಪೆಟ್ಟಾಗದ ಪ್ಲಾಂಟಿಗೆ ಢಾಲು, ಅಲ್ಲಿನವರಿಗೆಲ್ಲ ಒಂದೊಂದು ಉಡುಗೊರೆ. ಕೇಳಲು ಚೆನ್ನಾಗಿದೆ. ಆದರೆ ಒಂದು ಲೆಕ್ಕ ಹಾಕಿ ನೋಡಮ್ಮ. ಬ್ಯಾಚರ್, ಫಿಟ್ಟರ್, ಎಲೆಕ್ಟ್ರಿಷಿಯನ್, ಲೋಡರ್ ಆಪರೇಟರ್, ಲ್ಯಾಬಿನವರು, ಹೆಲ್ಪರುಗಳು ಎಲ್ಲ ಸೇರಿ 30 ಜನ ಅಂತಿಟ್ಟುಕೋ. ದಿನಕ್ಕೆ 8 ಗಂಟೆ, ವರ್ಷಕ್ಕೆ 300 ದಿನ. ಒಟ್ಟು 72,000 ಗಂಟೆ ಆಯಿತು. ಅಪಘಾತದ ಪ್ರಮಾಣ ತೆಗೆಯಲು ನಮ್ಮಲ್ಲಿರುವ ಐಎಸ್ 3786 ಮಾನಕ, 10 ಲಕ್ಷ ಗಂಟೆ ಕೆಲಸಕ್ಕೆ ಎಷ್ಟು ಅಪಘಾತ ಎಂದು ನೋಡುತ್ತದೆ. ನಿಮ್ಮಲ್ಲಿ 10 ಲಕ್ಷ ಗಂಟೆ ತುಂಬಲು ಹತ್ತಿರ ಹತ್ತಿರ 14 ವರ್ಷ ಬೇಕು. ಈ ವರ್ಷ ಒಬ್ಬನ ಬೆರಳು ಜಜ್ಜಿ ಅವನು ಮನೆಯಲ್ಲಿ ಕೂತರೆ ನಿಮ್ಮ ಅಂಕಿ 13.9. ಯಾರಿಗೂ ಏನೂ ಆಗದಿದ್ದರೆ ಸೊನ್ನೆ. ನಡುವೆ ಬೇರೆ ಅಂಕಿಯೇ ಇಲ್ಲ. ಸಾವಿರಾರು ಜನ ದುಡಿಯುವ ಕಾರ್ಖಾನೆಗೆ ಈ ಲೆಕ್ಕ ಏನನ್ನಾದರೂ ಹೇಳೀತು. 30 ಜನರ ಪ್ಲಾಂಟಿನಲ್ಲಿ ಅದು ಹೇಳುವುದು ಬಹುಪಾಲು ಅದೃಷ್ಟದ ಕಥೆ. ಕನ್ವೇಯರ್ ಬೆಲ್ಟಿನ ಟೈಲ್ ಪುಲ್ಲಿಗೆ ಗಾರ್ಡೇ ಇಲ್ಲದ ಪ್ಲಾಂಟು ಕೂಡ ಎರಡು ಮೂರು ವರ್ಷ ಸೊನ್ನೆ ಇಟ್ಟುಕೊಂಡು ಓಡಾಡಬಹುದು.

ಅದೃಷ್ಟಕ್ಕೆ ಬಹುಮಾನ ಕೊಟ್ಟರೆ ದುಡ್ಡು ದಂಡ, ಅಷ್ಟೇ ತಾನೇ ಅನ್ನಬಹುದು. ಕೇಡು ಅಷ್ಟಕ್ಕೇ ನಿಲ್ಲುವುದಿಲ್ಲ. 30 ಜನರ ಉಡುಗೊರೆ ಒಬ್ಬನ ಬೆರಳಿಗೆ ನೇತುಬಿದ್ದಾಗ ಆ ಒಬ್ಬ ಬಾಯಿ ಬಿಡುವುದಿಲ್ಲ. ಬಿಟ್ಟರೂ ಪಕ್ಕದವರು ಮುಚ್ಚಿಸುತ್ತಾರೆ. ಕಾನೂನಿನಲ್ಲಿ, ಗಾಯಗೊಂಡವನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ ಇಲಾಖೆಗೆ ತಿಳಿಸಬೇಕೆಂದಿದೆ. ಈ 48 ಗಂಟೆಯಿಂದ ತಪ್ಪಿಸಿಕೊಳ್ಳುವ ಉಪಾಯ ನಮ್ಮ ಕಡೆ ಎಲ್ಲರಿಗೂ ಗೊತ್ತು. ನಾನು ಹಿಂದೆ ಇದ್ದ ಒಂದು ಕಡೆ, ಕಾಂಕ್ರೀಟು ಒಯ್ಯುವ ಟ್ರಾನ್ಸಿಟ್ ಮಿಕ್ಸರ್ (ಟಿ.ಎಂ.) ಗಾಡಿಯ ಚೂಟ್ ಮಡಚುವಾಗ ಬಲಗೈ ಸಿಕ್ಕಿಸಿಕೊಂಡ ಹೆಲ್ಪರ್ ಹುಡುಗನನ್ನು ಮರುದಿನವೇ ಕರೆಸಿ ತೂಕದ ಸೇತುವೆಯ ಕೋಣೆಯಲ್ಲಿ ಕೂರಿಸಿದ್ದರು. ಬಲಗೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿ ನೇತಾಡುತ್ತಿತ್ತು, ಎಡಗೈಯಲ್ಲಿ ಪೆನ್ನು ಹಿಡಿದು ವಕ್ರವಕ್ರವಾಗಿ ಗಾಡಿ ನಂಬರು ಬರೆಯುತ್ತಿದ್ದ. ಹಾಜರಿ ಪುಸ್ತಕದಲ್ಲಿ ಅವನು ಹಾಜರು. ಬೋರ್ಡಿನ ಅಂಕಿ ಒಂದು ದಿನ ಮುಂದೆ ಹೋಯಿತು.

ಆ ಹುಡುಗ ಕಳೆದುಕೊಂಡದ್ದು ಏನು ಗೊತ್ತೇ? ಕೆಲಸದಲ್ಲಾದ ಗಾಯ ಎಂದು ದಾಖಲಾದರೆ ಇಎಸ್‌ಐನಲ್ಲಿ ವಾಸಿಯಾಗುವವರೆಗೆ ಸಂಬಳದ ಶೇ. 90ರಷ್ಟು ಸಿಗುತ್ತದೆ. ಬೆರಳು ಮಡಚಲಾಗದೇ ಉಳಿದುಹೋದರೆ, ಎಷ್ಟರ ಮಟ್ಟಿಗೆ ದುಡಿಮೆ ಕುಗ್ಗಿತು ಎಂದು ನೋಡಿ ತಿಂಗಳು ತಿಂಗಳು ಹಣ ಕೊಡುವ ಏರ್ಪಾಡೂ ಇದೆ. ದಾಖಲೆಯೇ ಇಲ್ಲದಿದ್ದರೆ ಅವನು ಯಾವ ಬಾಗಿಲು ತಟ್ಟಬೇಕು? ಒಂದು ಢಾಲಿನ ಆಸೆಗೆ ಒಬ್ಬ ಕೂಲಿಕಾರನ ಜನ್ಮಪೂರ್ತಿಯ ಆಸರೆಯನ್ನು ಕಿತ್ತುಕೊಂಡ ಹಾಗಾಯಿತು. ಇದನ್ನು ಯಾವ ಹೆಸರಿನಿಂದ ಕರೆದರೂ ಅನ್ಯಾಯವೇ.

ಇನ್ನೊಂದು ಕೇಡು ಇದಕ್ಕಿಂತ ಆಳದ್ದು. ಸಣ್ಣ ಗಾಯಗಳ ಸುದ್ದಿ ಮೇಲಕ್ಕೆ ಬರದಿದ್ದರೆ ದೊಡ್ಡದರ ಸುಳಿವು ಸಿಗುವುದಿಲ್ಲ. ಮಡಿಲಲ್ಲಿ ಕೆಂಡ ಕಟ್ಟಿಕೊಂಡು ಓಡಾಡಿದ ಹಾಗೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಬಾವಿ ಕೊರೆಯುವ ನೌಕೆಗೆ ಕಂಪನಿಗಳ ಹಿರಿಯ ಅಧಿಕಾರಿಗಳು ಬಂದಿದ್ದರು. ಅವರು ಬಂದ ಕಾರಣಗಳಲ್ಲಿ ಒಂದು, ಏಳು ವರ್ಷ ಒಬ್ಬರೂ ಗಾಯಗೊಂಡು ರಜೆ ಹಾಕಿಲ್ಲ ಎಂಬುದಕ್ಕೆ ಸಿಬ್ಬಂದಿಯನ್ನು ಅಭಿನಂದಿಸುವುದು. ಅದೇ ರಾತ್ರಿ ಸ್ಫೋಟವಾಗಿ 11 ಜನ ಸತ್ತರು. ನಮ್ಮ ಜಲ್ಲಿ ಸಿಮೆಂಟಿಗೂ ಆ ಸಮುದ್ರದ ಬಾವಿಗೂ ಎಲ್ಲಿಯ ಸಂಬಂಧ ಅನ್ನಬೇಡ. ಜಾರಿ ಬಿದ್ದವರ ಲೆಕ್ಕ ಇಡುವ ಪುಸ್ತಕದಲ್ಲಿ ಬಾವಿ ಬಾಯಿಬಿಡುವುದರ ಸೂಚನೆ ಇರುವುದಿಲ್ಲ. ಹಾಗೆಯೇ ಬೆರಳಿನ ಗಾಯದ ಲೆಕ್ಕದಲ್ಲಿ ಸಿಮೆಂಟು ತುಂಬಿಡುವ ಸೈಲೋದ ನೆತ್ತಿ ಹಾರುವುದರ ಸೂಚನೆ ಇರುವುದಿಲ್ಲ.

ಹಾಗಾದರೆ ಏನನ್ನು ನೋಡಿ ಬಹುಮಾನ ಕೊಡಬೇಕು? ಆಫೀಸಿನ ಪುಸ್ತಕ ಮುಚ್ಚಿ ಯಾರ್ಡಿಗೆ ಇಳಿ. ಮೊದಲು ಮಿಕ್ಸರ್ ಹತ್ತಿರ ಹೋಗು, ಅದೂ ಸಂಜೆ ತೊಳೆಯುವ ಹೊತ್ತಿಗೆ.

ಮಿಕ್ಸರಿನ ತೋಳು, ಬ್ಲೇಡುಗಳಿಗೆ ಮೆತ್ತಿದ ಕಾಂಕ್ರೀಟು ಗಟ್ಟಿಯಾದರೆ ನೀರಿಗೆ ಬಗ್ಗುವುದಿಲ್ಲ. ಒಬ್ಬ ಒಳಗಿಳಿದು ಉಳಿ ಸುತ್ತಿಗೆಯಿಂದ ಒಡೆಯಲೇಬೇಕು. ಮಿಕ್ಸರ್ ನಡೆಸುವ ಬ್ಯಾಚರ್ ಕೂರುವ ಕೋಣೆಯಿಂದ ಮಿಕ್ಸರಿನ ಒಳಗು ಕಾಣಿಸುವುದಿಲ್ಲ. ಶಿಫ್ಟ್ ಬದಲಾಗುವ ಹೊತ್ತು, ಹೊಸದಾಗಿ ಬಂದವನಿಗೆ ಒಳಗೆ ಜನ ಇರುವುದು ಗೊತ್ತಿಲ್ಲ, ಸೈಟಿನಿಂದ ಫೋನ್ ಮೇಲೆ ಫೋನ್. ಅವನು ಬಟನ್ ಒತ್ತಿದರೆ ಮುಗಿಯಿತು, ಆ ತೋಳುಗಳ ಕೆಳಗೆ ಮನುಷ್ಯ ಉಳಿಯುವುದಿಲ್ಲ. ಬಾಗಿಲು ತೆರೆದರೆ ಮೋಟಾರು ನಿಲ್ಲಲಿ ಅಂತ ಒಂದು ಲಿಮಿಟ್ ಸ್ವಿಚ್ ಕೊಟ್ಟಿರುತ್ತಾರೆ. ಎಷ್ಟೋ ಕಡೆ ಅದಕ್ಕೆ ತಂತಿ ಕಟ್ಟಿ ಮಲಗಿಸಿರುತ್ತಾರೆ, ಪದೇ ಪದೇ ಟ್ರಿಪ್ ಆಗುತ್ತದೆ ಅಂತ.

ಈಗ ಸರಿಯಾಗಿ ಕೆಲಸ ಮಾಡುವ ಫಿಟ್ಟರನ್ನು ನೋಡು. ಅವನು ಮೊದಲು ಪ್ಯಾನೆಲಿನ ಮುಖ್ಯ ಐಸೊಲೇಟರ್ ಕೆಳಗಿಳಿಸುತ್ತಾನೆ. ಅದಕ್ಕೆ ತನ್ನದೇ ಬೀಗ ಜಡಿದು ಕೀಲಿಯನ್ನು ತನ್ನ ಜೇಬಿಗೆ ಹಾಕಿಕೊಳ್ಳುತ್ತಾನೆ. ಇನ್ನೊಬ್ಬನಿಗೆ ಕೊಡುವುದಿಲ್ಲ, ಮೊಳೆಗೆ ನೇತುಹಾಕುವುದಿಲ್ಲ. ಹೆಸರು ಬರೆದ ಚೀಟಿ ಕಟ್ಟುತ್ತಾನೆ. ಕೆಳಗಿನ ಗೇಟು ಗಾಳಿಯ ಒತ್ತಡದಿಂದ ಮುಚ್ಚಿಕೊಳ್ಳುವಂಥದ್ದು, ಆದ್ದರಿಂದ ಗಾಳಿಯ ಲೈನನ್ನೂ ಮುಚ್ಚಿ ಒಳಗಿನ ಒತ್ತಡ ಬಿಡುತ್ತಾನೆ. ಸ್ಕಿಪ್ ಇರುವ ಪ್ಲಾಂಟಾದರೆ ಬಕೆಟ್ ಜಾರದಂತೆ ಪಿನ್ ಹಾಕುತ್ತಾನೆ. ಆಮೇಲೆ ಬ್ಯಾಚರ್ ಕೋಣೆಗೆ ಹೋಗಿ ಸ್ಟಾರ್ಟ್ ಬಟನ್ ಒತ್ತಿ, ಮಿಕ್ಸರ್ ತಿರುಗುವುದಿಲ್ಲ ಅನ್ನುವುದನ್ನು ಖಾತ್ರಿ ಮಾಡಿಕೊಳ್ಳುತ್ತಾನೆ. ಇಬ್ಬರು ಇಳಿಯುವುದಾದರೆ ಎರಡು ಬೀಗ. ಹೊರಗೆ ಒಬ್ಬ ಕಾವಲು. ಇದಿಷ್ಟಕ್ಕೆ ಕೆಲವೇ ನಿಮಿಷ ಹಿಡಿಯುತ್ತದೆ. ಆದರೆ ಆ ನಿಮಿಷಗಳಲ್ಲಿ ನಾಲ್ಕು ಜನ ಅವನನ್ನು "ಬೇಗ ಬೇಗ" ಅಂತ ಕೂಗುತ್ತಿರುತ್ತಾರೆ. ಕೂಗಿಗೆ ಕಿವಿಗೊಡದೆ ಬೀಗ ಹಾಕಿದನಲ್ಲ, ಅವನಿಗೆ ಶಾಲು ಹೊದಿಸು.

ಪ್ಲಾಂಟಿನಲ್ಲಿ ನಿಜವಾದ ಬಹುಮಾನ ಮಾರ್ಚಿನಲ್ಲಿ ಸಿಗುವುದಲ್ಲ, ದಿನಾ ಸಿಗುವುದು. ರೆಡಿಮಿಕ್ಸ್‌ಗಿರುವ ಐಎಸ್ 4926 ಮಾನಕದ ಪ್ರಕಾರ ಕಾಂಕ್ರೀಟು ಸಾಮಾನ್ಯವಾಗಿ ಲೋಡ್ ಆದ ಎರಡು ಗಂಟೆಯೊಳಗೆ ಸೈಟಿನಲ್ಲಿ ಖಾಲಿಯಾಗಬೇಕು. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆ ಎರಡು ಗಂಟೆ ಎಲ್ಲಿಗೆ ಸಾಲುತ್ತದೆ? ಹಾಗಾಗಿ ಎಲ್ಲರಿಗೂ ಅವಸರ. ರಾತ್ರಿ ಸೈಟಿನಲ್ಲಿ ಕಾಂಕ್ರೀಟು ಸುರಿಯುವ ದೊಡ್ಡ ಪೋರ್ ನಡೆಯುತ್ತಿರುವಾಗ ಸೈಲೋದಿಂದ ಸಿಮೆಂಟ್ ಇಳಿಯದೆ ಕಟ್ಟಿಕೊಂಡಿತು ಅನ್ನು. ಒಬ್ಬ ಸೇಫ್ಟಿ ಬೆಲ್ಟ್ ಹಾಕಿಕೊಳ್ಳದೆ ಸೈಲೋ ಏಣಿ ಹತ್ತಿ ಅದನ್ನು ಬಿಡಿಸಿ ಬಂದ. ಪೋರ್ ಉಳಿಯಿತು. ಮ್ಯಾನೇಜರ್ ಅವನ ಬೆನ್ನು ತಟ್ಟಿ "ಶಭಾಷ್, ನೀನಿಲ್ಲದಿದ್ದರೆ ಇವತ್ತು ಮಾನ ಹೋಗುತ್ತಿತ್ತು" ಅಂದರು. ಇಡೀ ಪ್ಲಾಂಟು ಅದನ್ನು ಕೇಳಿಸಿಕೊಂಡಿತು. ಆ ಒಂದು ಮಾತಿನ ಮುಂದೆ ವರ್ಷಕ್ಕೊಮ್ಮೆ ಓದುವ ಪ್ರತಿಜ್ಞೆ ನಿಲ್ಲುವುದಿಲ್ಲ. ಅದೇ ರಾತ್ರಿ ಇನ್ನೊಬ್ಬ "ಹಗ್ಗ, ಬೆಲ್ಟ್ ಬರುವ ತನಕ ಹತ್ತಲ್ಲ ಸಾರ್" ಅಂದಿದ್ದರೆ ಅವನಿಗೆ ಏನು ಸಿಗುತ್ತಿತ್ತು ಯೋಚಿಸು. ನಿನ್ನ ಮ್ಯಾನೇಜರ್ ಬಾಯಲ್ಲಿ ಶಭಾಷ್ ಯಾವಾಗ ಬರುತ್ತದೆ ಅನ್ನುವುದನ್ನು ಒಂದು ತಿಂಗಳು ಗಮನಿಸು. ನಿಮ್ಮ ಪ್ಲಾಂಟಿನ ಸುರಕ್ಷತೆ ಯಾವ ಮಟ್ಟದಲ್ಲಿದೆ ಎಂದು ಅದರಿಂದಲೇ ಹೇಳಿಬಿಡಬಹುದು. ನೀನು ತಿದ್ದಬೇಕಾದದ್ದೂ ಮೊದಲು ಅದನ್ನೇ, ವಿನಯದಿಂದಲೇ, ಆದರೆ ಬಿಡದೆ.

ಸೈಲೋ ಮಾತು ಬಂತು. ಸಿಮೆಂಟು ತರುವ ಬಲ್ಕರ್ ಲಾರಿ ಅದನ್ನು ಕಂಪ್ರೆಸರ್ ಗಾಳಿಯಿಂದ ಮೇಲಕ್ಕೆ ಊದುತ್ತದೆ. ಸೈಲೋ ಆ ಒತ್ತಡ ತಡೆಯಲು ಕಟ್ಟಿದ ಪಾತ್ರೆ ಅಲ್ಲ. ನೆತ್ತಿಯ ಮೇಲಿನ ಫಿಲ್ಟರಿನಿಂದ ಗಾಳಿ ಹೊರಗೆ ಹೋಗುತ್ತಿರಬೇಕು, ಅದು ಕಟ್ಟಿಕೊಂಡರೆ ಒತ್ತಡ ಬಿಡುವ ವಾಲ್ವ್ ತೆರೆಯಬೇಕು. ಎರಡರ ಮೇಲೂ ಸಿಮೆಂಟು ಗಟ್ಟಿಕಟ್ಟಿದರೆ ಫಿಲ್ಟರೇ ಕಿತ್ತು ಬೀಳಬಹುದು, ಸೈಲೋ ತಲೆಯೇ ಬಿರಿಯಬಹುದು. ಬಲ್ಕರ್ ಖಾಲಿಯಾಗುವ ಕೊನೆಯಲ್ಲಿ ಬರೀ ಗಾಳಿ ನುಗ್ಗುವಾಗ ಅಪಾಯ ಹೆಚ್ಚು. ತಪ್ಪದೆ ಮೇಲೆ ಹತ್ತಿ ಆ ವಾಲ್ವನ್ನು ಶುಚಿಮಾಡಿ ಬರುವ ಒಬ್ಬ ಹೆಲ್ಪರ್ ಪ್ರತಿ ಪ್ಲಾಂಟಿನಲ್ಲೂ ಇರಬೇಕು. ಅವನ ಕೆಲಸ ಸರಿಯಾಗಿದ್ದರೆ ಏನೂ ಆಗುವುದಿಲ್ಲ, ಏನೂ ಆಗದ್ದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂಥವನನ್ನು ಹುಡುಕಿಕೊಂಡು ಹೋಗಿ ಗುರುತಿಸುವುದೇ ನಿನ್ನ ಕೆಲಸ.

ಧೂಳಿನದೂ ಹೀಗೆಯೇ. ಟಿ.ಎಂ. ಡ್ರಮ್ಮಿನೊಳಗೆ ಗಟ್ಟಿಯಾದ ಕಾಂಕ್ರೀಟನ್ನು ಬ್ರೇಕರ್ ಹಿಡಿದು ಒಡೆಯುವ ಹುಡುಗರನ್ನು ನೋಡಿದ್ದೀಯ. ಒಳಗೆ ಕಿವಿ ಒಡೆಯುವ ಸದ್ದು, ಉಸಿರಾಡಿದರೆ ಸಿಲಿಕಾ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆಯಲ್ಲ. ಬಂದದ್ದು ಗೊತ್ತಾಗುವ ಹೊತ್ತಿಗೆ ಆ ಹುಡುಗ ಬಿಹಾರಕ್ಕೋ ರಾಯಚೂರಿಗೋ ವಾಪಸು ಹೋಗಿರುತ್ತಾನೆ. ನಿಮ್ಮ ಗೇಟಿನ ಬೋರ್ಡಿಗೆ ಅವನ ಶ್ವಾಸಕೋಶದ ಸುದ್ದಿ ಬರುವುದೇ ಇಲ್ಲ. ಪ್ರತಿ ಟ್ರಿಪ್ ಆದ ಮೇಲೆ ಡ್ರಮ್ಮನ್ನು ಚೆನ್ನಾಗಿ ತೊಳೆದು, ಒಳಗೆ ಮೆತ್ತಲು ಬಿಡದ ಡ್ರೈವರ್ ಇದ್ದಾನಲ್ಲ, ಅವನು ಯಾರನ್ನೋ ಆ ಡ್ರಮ್ಮಿನೊಳಗೆ ಇಳಿಯುವುದರಿಂದ ತಪ್ಪಿಸುತ್ತಿದ್ದಾನೆ. ಅದು ಸುರಕ್ಷತೆಯ ಬಹುಮಾನಕ್ಕೆ ತಕ್ಕ ಕೆಲಸ ಅಂತ ಯಾರಿಗೂ ಹೊಳೆದಿರುವುದಿಲ್ಲ. ನಿನಗೆ ಹೊಳೆಯಲಿ.

ಡ್ರೈವರುಗಳ ವಿಷಯದಲ್ಲಿ ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಅವರು ಟ್ರಾನ್ಸ್‌ಪೋರ್ಟರ್ ಕಡೆಯವರು, ನಮ್ಮವರಲ್ಲ ಅಂತ ಬಹುಮಾನದ ಪಟ್ಟಿಯಿಂದಲೂ ಅಪಘಾತದ ಲೆಕ್ಕದಿಂದಲೂ ಬಿಟ್ಟುಬಿಡುವ ರೂಢಿ ಇದೆ. ಆರು ಘನ ಮೀಟರ್ ಕಾಂಕ್ರೀಟು ಅಂದರೆ 14 ಟನ್ನಿಗೂ ಹೆಚ್ಚು ಭಾರ, ಅದೂ ತಿರುಗುತ್ತಿರುವ, ಎತ್ತರದಲ್ಲಿ ಕೂತ ಭಾರ. ತಿರುವಿನಲ್ಲಿ ಸ್ವಲ್ಪ ವೇಗ ಹೆಚ್ಚಾದರೆ ಗಾಡಿ ಮಗುಚುತ್ತದೆ. ನಡುರಾತ್ರಿ ನಿದ್ದೆಗಣ್ಣಿನಲ್ಲಿ ಅದನ್ನು ಓಡಿಸುವವನು, ಸೈಟಿನಲ್ಲಿ ಹಿಂದೆ ನಿಂತು ದಾರಿ ತೋರಿಸುವವರಿಲ್ಲದೆ ರಿವರ್ಸ್ ತೆಗೆಯಲ್ಲ ಅಂತ ಹಟ ಹಿಡಿದರೆ ಆ ಹಟ ಯಾರದೋ ಮಗುವಿನ ಪ್ರಾಣ ಉಳಿಸುತ್ತದೆ. ಟ್ರಿಪ್ ಲೆಕ್ಕದಲ್ಲಿ ಬಾಟಾ ಕೊಡುತ್ತ, ಇನ್ನೊಂದು ಕೈಯಲ್ಲಿ ನಿಧಾನವಾಗಿ ಓಡಿಸಿದವನಿಗೆ ಕಪ್ ಕೊಟ್ಟರೆ ಅವನು ನಂಬುವುದು ಬಾಟಾವನ್ನೇ. ಈ ಮಾತನ್ನು ಮೀಟಿಂಗಿನಲ್ಲಿ ಎತ್ತು. ಎತ್ತಿದರೆ ಕೆಲವರ ಮುಖ ಗಂಟಿಕ್ಕುತ್ತದೆ, ಆದರೂ ಎತ್ತು.

ಕೆಲಸಗಾರರ ಸಲಹೆಗೆ ಮನ್ನಣೆ ಕೊಡುವುದು ಹೊಸ ವಿಷಯವೇನಲ್ಲ. ಕೇಂದ್ರ ಕಾರ್ಮಿಕ ಸಚಿವಾಲಯ 1965ರಲ್ಲಿ ಆರಂಭಿಸಿದ ರಾಷ್ಟ್ರೀಯ ಸುರಕ್ಷತಾ ಪ್ರಶಸ್ತಿ ಅಪಘಾತದ ಪ್ರಮಾಣ ಕಡಿಮೆ ಇರುವ ಕಾರ್ಖಾನೆಗಳಿಗೆಂದು ಇಟ್ಟದ್ದು. ಅದೇ ಸಚಿವಾಲಯದ ವಿಶ್ವಕರ್ಮ ರಾಷ್ಟ್ರೀಯ ಪುರಸ್ಕಾರ ಮಾತ್ರ, ಸುರಕ್ಷತೆ ಹೆಚ್ಚಿಸುವ ಅಥವಾ ಉತ್ಪಾದನೆ ಸುಧಾರಿಸುವ ಒಳ್ಳೆಯ ಸಲಹೆ ಕೊಟ್ಟ ಕಾರ್ಮಿಕನಿಗೆಂದು ಇಟ್ಟದ್ದು. ಮೊದಲನೆಯದು ದೊಡ್ಡ ಕಾರ್ಖಾನೆಗಳಿಗೆ ಇರಲಿ. ನಿಮ್ಮಂಥ ಸಣ್ಣ ಪ್ಲಾಂಟಿಗೆ ಒಪ್ಪುವುದು ಎರಡನೆಯದರ ದಾರಿ.

ಸಲಹೆ ಅಂದೆನಲ್ಲ, ಅಲ್ಲಿ ಒಂದು ಎಚ್ಚರ. ಒಬ್ಬೊಬ್ಬರೂ ತಿಂಗಳಿಗೆ ಇಷ್ಟು ನಿಯರ್ ಮಿಸ್ (ಕೂದಲೆಳೆಯಲ್ಲಿ ತಪ್ಪಿದ ಅಪಘಾತ) ಕಾರ್ಡ್ ಬರೆಯಬೇಕು ಅಂತ ಗುರಿ ಹಾಕಬೇಡ. ಹಾಕಿದರೆ ತಿಂಗಳ ಕೊನೆಯ ದಿನ "ನೆಲದ ಮೇಲೆ ನೀರಿತ್ತು" ಅಂತ ಒಂದೇ ಕೈಬರಹದ ಕಾರ್ಡುಗಳು ರಾಶಿ ಬೀಳುತ್ತವೆ. ಬರೆಯಲು ಬಾರದವನು ಬಾಯಲ್ಲಿ ಹೇಳಲಿ, ಕನ್ನಡ ಬಾರದವನು ಹಿಂದಿಯಲ್ಲಿ ಹೇಳಲಿ, ನೀನೇ ಬರೆದುಕೋ. ಹೇಳಿದವನಿಗೆ ಕೊಡಬಹುದಾದ ಮೊದಲ ಬಹುಮಾನ ಎಂದರೆ ಅವನು ಹೇಳಿದ್ದನ್ನು ಸರಿಮಾಡುವುದು. ಬೆಲ್ಟಿನ ಪಕ್ಕದ ನಡೆದಾಡುವ ಜಾಲರಿ ಮುರಿದಿದೆ ಅಂತ ಬೆಳಿಗ್ಗೆ ಹೇಳಿದವನು ಸಂಜೆ ಅಲ್ಲಿ ಹೊಸ ಜಾಲರಿ ನೋಡಿದರೆ, ನಾಳೆ ಇನ್ನೊಂದು ಹೇಳುತ್ತಾನೆ. ಮೂರು ವಾರವಾದರೂ ಅದು ಹಾಗೇ ಬಿದ್ದಿದ್ದರೆ ನೀನು ಬೆಳ್ಳಿ ನಾಣ್ಯ ಕೊಟ್ಟರೂ ಅವನು ಬಾಯಿ ಬಿಡುವುದಿಲ್ಲ. ತಕ್ಷಣ ಸರಿಮಾಡಲು ಆಗದಿದ್ದರೆ, ಯಾಕೆ ಆಗಲಿಲ್ಲ, ಯಾವಾಗ ಆಗುತ್ತದೆ ಅಂತ ಅವನಿಗೇ ಹೋಗಿ ಹೇಳು. ಹೆಲ್ಪರಿಗೆ ಕಾರಣ ಹೇಳುವ ಅಗತ್ಯ ಏನು ಅಂತ ಯಾರಾದರೂ ಕೇಳಿದರೆ, ಅವರ ಮಾತಿಗೆ ಸೊಪ್ಪು ಹಾಕಬೇಡ.

ಇನ್ನು ಕೊಡುವ ರೀತಿ. ಹೆಲ್ಮೆಟ್ಟು, ಗಮ್‌ಬೂಟು, ಕೈಗವಸುಗಳನ್ನು ಎಂದೂ ಬಹುಮಾನವಾಗಿ ಕೊಡಬೇಡ. ಹಸಿ ಸಿಮೆಂಟು ಚರ್ಮವನ್ನು ಸುಡುವಷ್ಟು ಕ್ಷಾರ, ಅದರಲ್ಲಿ ದಿನವಿಡೀ ನಿಲ್ಲುವವನಿಗೆ ಬೂಟು ಕಂಪನಿ ಕೊಡಲೇಬೇಕಾದ ಸಾಮಾನು. ಅದನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರೆ ಅವನದನ್ನೇ ಅವನಿಗೆ ದಾನ ಮಾಡಿದ ಹಾಗೆ. ದೊಡ್ಡ ಮೊತ್ತದ ಹಣವೂ ಬೇಡ, ಹಣ ದೊಡ್ಡದಾದಷ್ಟೂ ಸುಳ್ಳೂ ದೊಡ್ಡದಾಗುತ್ತದೆ. ಮನೆಗೆ ಒಯ್ದು ತೋರಿಸಬಹುದಾದ ಒಂದು ಒಳ್ಳೆಯ ವಸ್ತು ಸಾಕು. ಅದಕ್ಕಿಂತ ಮುಖ್ಯ, ಅವನು ಮಾಡಿದ್ದೇನು ಅಂತ ಎಲ್ಲರ ಮುಂದೆ ಬಿಡಿಸಿ ಹೇಳುವುದು. "ಉತ್ತಮ ಸುರಕ್ಷತಾ ಕಾರ್ಯಕ್ಕಾಗಿ" ಅಂತ ಪ್ರಮಾಣಪತ್ರದಲ್ಲಿ ಬರೆದರೆ ಯಾರಿಗೂ ಏನೂ ತಿಳಿಯುವುದಿಲ್ಲ. "ಇಂಥ ದಿನ ರಾತ್ರಿ, ಮಿಕ್ಸರ್ ಬಾಗಿಲಿನ ಸ್ವಿಚ್ಚಿಗೆ ತಂತಿ ಕಟ್ಟಿದ್ದನ್ನು ಕಂಡು, ಸೈಟಿನವರು ಬೈದರೂ ಬ್ಯಾಚಿಂಗ್ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿದ" ಅಂತ ಹೇಳು. ಕೇಳಿದ ಇನ್ನಿಬ್ಬರು ಬ್ಯಾಚರುಗಳಿಗೆ ಮುಂದೆ ಏನು ಮಾಡಬೇಕೆಂಬುದು ಅಲ್ಲೇ ಗೊತ್ತಾಗುತ್ತದೆ. ಮಾರ್ಚ್‌ವರೆಗೆ ಕಾಯಲೂ ಬೇಡ. ಮರುದಿನ ಬೆಳಿಗ್ಗೆ ಟೂಲ್‌ಬಾಕ್ಸ್ ಮಾತಿನ ಹೊತ್ತಿಗೇ ಹೇಳು, ಬಹುಮಾನ ಆಮೇಲೆ ಬರಲಿ. ವೇದಿಕೆ ಹತ್ತಲು ಮುಜುಗರ ಪಡುವವರೂ ಇರುತ್ತಾರೆ, ಮೊದಲೇ ಕೇಳು. ಯಾರಿಗೆ ಕೊಡಬೇಕೆಂಬುದನ್ನು ಆರಿಸುವಾಗ ಫಿಟ್ಟರೊಬ್ಬ, ಡ್ರೈವರೊಬ್ಬ, ಕಾಂಟ್ರಾಕ್ಟ್ ಹೆಲ್ಪರೊಬ್ಬ ಜೊತೆಗೆ ಕೂರಲಿ. ಯಾರು ನಿಜವಾಗಿ ಬೀಗ ಹಾಕುತ್ತಾರೆ, ಯಾರು ನಿನ್ನನ್ನು ಕಂಡಾಗ ಮಾತ್ರ ಹಾಕುತ್ತಾರೆ ಅನ್ನುವುದು ಅವರಿಗೆ ಗೊತ್ತು.

ಮೇಲಿನವರು ಅಂಕಿ ಕೇಳದೆ ಬಿಡುವುದಿಲ್ಲ. ಕೊಡು. ಎಷ್ಟು ದೋಷಗಳನ್ನು ಜನ ತಂದು ಹೇಳಿದರು, ಅದರಲ್ಲಿ ಎಷ್ಟನ್ನು ಎರಡು ದಿನದೊಳಗೆ ಸರಿಮಾಡಿದೆವು, ಮಿಕ್ಸರ್ ತೊಳೆದ ಸಲಗಳಲ್ಲಿ ಎಷ್ಟು ಸಲ ಬೀಗ ಬಿದ್ದಿತ್ತು, ಎಷ್ಟು ಜನ ಕೆಲಸ ನಿಲ್ಲಿಸಿದರು. ಮೊದಲ ತಿಂಗಳುಗಳಲ್ಲಿ ದೂರುಗಳು ಏರುತ್ತವೆ, ಸಣ್ಣ ಗಾಯಗಳ ದಾಖಲೆಯೂ ಏರುತ್ತದೆ. ಪಕ್ಕದ ಪ್ಲಾಂಟಿನ ಸೊನ್ನೆ ತೋರಿಸಿ ನಿನ್ನನ್ನು ಕೇಳುತ್ತಾರೆ, ನಿಮ್ಮಲ್ಲೇ ಯಾಕೆ ಇಷ್ಟು ಅಂತ. ಹೆದರಬೇಡ ತಾಯಿ. ಗಾಯಗಳು ಮೊದಲೂ ಇದ್ದವು, ಈಗ ಕಾಣಿಸುತ್ತಿವೆ ಎಂದು ನೇರವಾಗಿ ಹೇಳು. ಅವರಿಗೆ ಒಪ್ಪಿಗೆಯಾಗದಿದ್ದರೂ ಲೆಕ್ಕ ತಿದ್ದಬೇಡ.

ಈ ಸಲದ ಹಣದಲ್ಲಿ ನೀನು ಎಲ್ಲವನ್ನೂ ಮಾಡಲಾರೆ, ಗೊತ್ತು. ಒಂದು ಕೆಲಸ ಮಾಡು. ಕಾರ್ಯಕ್ರಮಕ್ಕೆ ಮುಂಚೆ ಫಿಟ್ಟರುಗಳನ್ನೂ ಮಿಕ್ಸರಿಗಿಳಿಯುವ ಹೆಲ್ಪರುಗಳನ್ನೂ ನಿಲ್ಲಿಸಿ, ಯಾರ ಯಾರ ಬಳಿ ಸ್ವಂತ ಬೀಗ ಕೀಲಿ ಇದೆ ಅಂತ ಕೇಳು. ಇಲ್ಲದವರಿಗೆಲ್ಲ ಕಂಪನಿಯ ಖರ್ಚಿನಲ್ಲಿ ಹೆಸರು ಕೊರೆಸಿದ ಬೀಗ ತರಿಸಿ ಮೊದಲು ಕೈಗೆ ಕೊಡು. ಬಹುಮಾನದ ಪಟ್ಟಿಯನ್ನು ಆಮೇಲೆ ಬರೆ.